ಹೊಳೆಯುವ ಹಳಿ, ಮುಚ್ಚಿದ ಕಿಟಕಿ

ಗಾಡಿ ನಿಂತುಹೋದ ಹಳಿಯನ್ನು ಗುರುತಿಸುವುದು ಸುಲಭ. ಒಂದು ಮಳೆಗಾಲ ಕಳೆದರೆ ನೆತ್ತಿಗೆ ತುಕ್ಕು, ಇನ್ನೊಂದು ಕಳೆದರೆ ಜಲ್ಲಿಯ ನಡುವೆ ಎಕ್ಕದ ಗಿಡ. ಸಂಡೂರು ತಾಲ್ಲೂಕಿನ ಯಶವಂತನಗರದಲ್ಲಿ ಈ ಲೆಕ್ಕ ಕೆಡುತ್ತದೆ. ಹೊಸಪೇಟೆ ಬಿಟ್ಟು, ಗುಂಡಾ ರೋಡ್ ಜಂಕ್ಷನ್ನಿನಲ್ಲಿ ಕೊಟ್ಟೂರು ಹಳಿಯಿಂದ ಕವಲೊಡೆದು ಸ್ವಾಮಿಹಳ್ಳಿಗೆ ಹೋಗುವ ಈ ಹಳಿಯ ನೆತ್ತಿ ಥಳಥಳ ಹೊಳೆಯುತ್ತದೆ. ಹಳಿಗೆ ಜೀವವಿದೆ, ಸಿಗ್ನಲ್ಲಿಗೆ ಜೀವವಿದೆ, ರೈಲ್ವೆಯ ನಕಾಶೆಯಲ್ಲಿ ಊರಿನ ಹೆಸರೂ ಇದೆ. ಟಿಕೆಟ್ ಕಿಟಕಿಗೆ ಮಾತ್ರ ಕೆಲಸವಿಲ್ಲ. ಓಡುವುದೆಲ್ಲ ಅದಿರಿನ ಗಾಡಿ.

ಇದನ್ನು ಪಾಳು ಸ್ಟೇಷನ್ ಎನ್ನಬೇಕೋ ಬೇಡವೋ? ದಾರಿಬದಿಯ ಚಹಾದಂಗಡಿಯಲ್ಲಿ ಕೇಳಿದೆ. "ಗಾಡಿ ದಿನಾ ಬರ್ತಾವ್ರೀ, ನಮಗಲ್ಲ ಅಷ್ಟ" ಅಂದರು. ಅಷ್ಟರಲ್ಲೇ ಎಲ್ಲ ಮುಗಿಯಿತೆಂಬಂತೆ ಲೋಟ ತೊಳೆಯಲು ಹೋದರು. ನನಗೆ ಮುಗಿಯಲಿಲ್ಲ.

*

ಹುಡುಕುತ್ತ ಹೋದರೆ ದಾರಿ ಧಾತು-ಈಶ್ವರ ಬರಕ್ಕೆ ಹೋಗಿ ಮುಟ್ಟುತ್ತದೆ. 1876ರಿಂದ 78ರವರೆಗಿನ ಆ ಬರಕ್ಕೆ ಬಳ್ಳಾರಿ ಸೀಮೆಯ ಜನಸಂಖ್ಯೆಯಲ್ಲಿ ಹೆಚ್ಚುಕಡಿಮೆ ಐದರಲ್ಲೊಂದು ಪಾಲು ಕರಗಿಹೋಯಿತು. ಆಗ ಬಳ್ಳಾರಿಗೆ ರೈಲು ಇರಲಿಲ್ಲ ಅಂದುಕೊಂಡರೆ ತಪ್ಪು. ಗುಂತಕಲ್ಲಿನಿಂದ ಬಳ್ಳಾರಿಗೆ 1871ರಲ್ಲೇ ಹಳಿ ಬಂದಿತ್ತು. ಕಾಳಿನ ಮೂಟೆ ಬಳ್ಳಾರಿಯವರೆಗೆ ಬಂದೀತು. ಅಲ್ಲಿಂದಾಚೆ ಹೊಸಪೇಟೆಗೆ, ಕಂಪ್ಲಿಗೆ, ಕೂಡ್ಲಿಗಿಗೆ ಹೋಗಬೇಕಾದರೆ ಬಂಡಿಯೇ ಗತಿ. ಮೇವಿಲ್ಲದ ವರ್ಷದಲ್ಲಿ ಬಂಡಿ ಎಳೆಯಲು ಎತ್ತುಗಳೆಲ್ಲಿ? ಮನುಷ್ಯರಿಗಿಂತ ಮೊದಲು ಸತ್ತದ್ದು ಅವೇ.

1880ರಲ್ಲಿ ಬರದ ಆಯೋಗ ವರದಿ ಕೊಟ್ಟಿತು: ದೇಶಕ್ಕೆ ಒಟ್ಟು 20,000 ಮೈಲಿ ರೈಲು ಬೇಕು, ಅದರಲ್ಲಿ 5,000 ಮೈಲಿ ತುರ್ತಾಗಿ ಬೇಕು. 1882ರಲ್ಲಿ ಸದರನ್ ಮರಾಠಾ ರೈಲ್ವೆ ಕಂಪನಿ ಹುಟ್ಟಿದ್ದು ಈ ಮಾತಿನ ಬೆನ್ನಿಗೇ. ಬಳ್ಳಾರಿ, ಹೊಸಪೇಟೆ, ಗದಗಗಳನ್ನು ಪೋಣಿಸುವ ಮೀಟರ್ ಗೇಜ್ ಹಳಿ 1884ರ ಹೊತ್ತಿಗೆ ಬಂತು. ಕಂಪನಿಯ ಮುಖ್ಯ ಕಚೇರಿ ಇದ್ದದ್ದು ಧಾರವಾಡದಲ್ಲಿ, ಇಂದು ಕರ್ನಾಟಕ ಕಾಲೇಜು ಇರುವ ಕಟ್ಟಡದಲ್ಲಿ. ಅಲ್ಲಿ ಕೂತು ಕನ್ನಡ ಕವಿತೆ ಓದಿದ ಎಷ್ಟು ಜನರಿಗೆ ಗೊತ್ತಿತ್ತೋ, ಆ ಕೋಣೆಗಳಲ್ಲಿ ಒಂದು ಕಾಲಕ್ಕೆ ಹೊಸಪೇಟೆ ಸ್ಟೇಷನ್ನಿನ ಲೆಕ್ಕಪತ್ರ ನಡೆಯುತ್ತಿತ್ತೆಂದು.

*

ಒಂದು ವಿಚಿತ್ರ. ಗುಂತಕಲ್–ಬಳ್ಳಾರಿ ಹಳಿಯನ್ನು ಮದರಾಸು ರೈಲ್ವೆ ಹಾಕಿದ್ದು 1676 ಮಿಲಿಮೀಟರಿನ ಬ್ರಾಡ್ ಗೇಜಿನಲ್ಲಿ. ಸದರನ್ ಮರಾಠಾದ ಒಂದು ಮೀಟರ್ ಹಳಿಗೆ ಹೊಂದಿಸಲೆಂದು ಅದನ್ನು ಕಿರಿದು ಮಾಡಿದರು. ಇಪ್ಪತ್ತನೆಯ ಶತಮಾನದಲ್ಲಿ ಮತ್ತೆ ಅಗಲ ಮಾಡಿದರು. ಅಗಲ, ಕಿರಿದು, ಅಗಲ. ಒಂದೇ ದಾರಿಗೆ ಮೂರು ಬಾರಿ ಮುಹೂರ್ತ. ಎಂಜಿನಿಯರುಗಳಿಗೆ ಇದರಲ್ಲಿ ನಗುವಂಥದ್ದೇನೂ ಕಾಣುವುದಿಲ್ಲವಂತೆ.

ಹೊಸಪೇಟೆಯ ಹಳಬರಿಗೆ ಎರಡು ಅಗಲದ ಹಳಿಗಳು ಒಂದೇ ನಿಲ್ದಾಣದಲ್ಲಿ ಇದ್ದ ಕಾಲದ ನೆನಪಿದೆ. ಗುಂತಕಲ್ ಕಡೆಯಿಂದ ದೊಡ್ಡ ಗಾಡಿ, ಹುಬ್ಬಳ್ಳಿ ಕಡೆಯಿಂದ ಸಣ್ಣ ಗಾಡಿ. ಹುಬ್ಬಳ್ಳಿ ಹಳಿ ಅಗಲವಾಗುವ 1990ರ ದಶಕದವರೆಗೂ ಜನ ಟ್ರಂಕು ಹೊತ್ತು ಇತ್ತಿಂದತ್ತ ಓಡಬೇಕಿತ್ತು. ಮೂಟೆಗಳನ್ನು ಹಮಾಲರು ಒಂದರಿಂದ ಇಳಿಸಿ ಇನ್ನೊಂದಕ್ಕೆ ತುಂಬಬೇಕಿತ್ತು. ಗೇಜ್ ಬದಲಾವಣೆಯನ್ನು ಎಲ್ಲರೂ ಪ್ರಗತಿ ಎಂದೇ ಬರೆಯುತ್ತಾರೆ. ಹಮಾಲರ ಕಡೆಯಿಂದ ಆ ಚರಿತ್ರೆ ಬರೆದವರಿಲ್ಲ.

*

ಕೊಟ್ಟೂರು ಕವಲು: ಹೊಸಪೇಟೆಯಿಂದ ಸುಮಾರು 70 ಕಿಲೋಮೀಟರು, ಮರಿಯಮ್ಮನಹಳ್ಳಿ, ಹಗರಿಬೊಮ್ಮನಹಳ್ಳಿ ದಾರಿಯಾಗಿ. 1905ರಲ್ಲಿ ತೆರೆಯಿತು. ಬಳ್ಳಾರಿ–ರಾಯದುರ್ಗದ ಹಳಿಯಂತೆ ಇದೂ ಬರಕ್ಕೆ ತಡೆಯೆಂದು ಯೋಚಿಸಿದ ಹಳಿ. ಮುಂದಿನ ಸಲ ಮಳೆ ಕೈಕೊಟ್ಟರೆ ಕಾಳು ಪಶ್ಚಿಮ ತಾಲ್ಲೂಕುಗಳ ಒಳಗಿನವರೆಗೆ ತಲುಪಬೇಕು ಎಂಬ ಲೆಕ್ಕ.

ಅದೇ 1905ರಲ್ಲಿ ಸಂಡೂರು ಬೆಟ್ಟಗಳಿಂದ ಮ್ಯಾಂಗನೀಸ್ ಅದಿರು ಇಳಿಯಲು ಶುರುವಾಯಿತು.

ಈ ಎರಡು ಸಾಲುಗಳನ್ನು ಟಿಪ್ಪಣಿ ಪುಸ್ತಕದಲ್ಲಿ ಒಂದರ ಕೆಳಗೊಂದು ಬರೆದು ಬಹಳ ಹೊತ್ತು ನೋಡಿದೆ. ಕಾಳು ಒಳಗೆ ಬರಲೆಂದು ಹಾಕಿದ ಹಳಿಯ ಪಕ್ಕದಲ್ಲೇ, ಅದೇ ವರ್ಷ, ಕಲ್ಲು ಹೊರಗೆ ಹೋಗತೊಡಗಿತು. ಆಮೇಲಿನ ಕಥೆಯೆಲ್ಲ ಯಾವ ಸಾಲು ಯಾವುದನ್ನು ನುಂಗಿತು ಎಂಬುದರದ್ದೇ.

*

ಸಂಡೂರಿನ ಅದಿರನ್ನು ಲೋಕಕ್ಕೆ ತೋರಿಸಿದವರಲ್ಲಿ ಮುಖ್ಯ ಹೆಸರು ರಾಬರ್ಟ್ ಬ್ರೂಸ್ ಫೂಟ್. ದಕ್ಷಿಣದ ಶಿಲಾಯುಗದ ಆಯುಧಗಳನ್ನು ಮೊದಲು ಗುರುತಿಸಿದ ಭೂವಿಜ್ಞಾನಿಯೇ ಈತ. ಬಳ್ಳಾರಿ ಜಿಲ್ಲೆಯ ಭೂರಚನೆಯ ಬಗ್ಗೆ ಇವನ ಗ್ರಂಥ 1895ರಲ್ಲಿ ಬಂತು. ಸಂಡೂರಿನ ಕಬ್ಬಿಣದ ಅದಿರಿನ ಬಗ್ಗೆ ಅದರಲ್ಲಿ ದೊಡ್ಡ ಮಾತುಗಳಿವೆ. ಆದರೆ ಆಗ ಕಬ್ಬಿಣದ ಅದಿರಿಗೆ ಗಿರಾಕಿ ಇರಲಿಲ್ಲ, ಮ್ಯಾಂಗನೀಸಿಗೆ ಇತ್ತು. ಯುರೋಪಿನ ಉಕ್ಕಿನ ಕುಲುಮೆಗಳಿಗೆ ಅದು ಬೇಕಿತ್ತು. ಬೆಲ್ಜಿಯಮ್ಮಿನವರ ಜನರಲ್ ಸಂಡೂರು ಮೈನಿಂಗ್ ಕಂಪನಿ ರಾಮನದುರ್ಗದ ಬೆಟ್ಟದಲ್ಲಿ ಗಣಿ ನಡೆಸಿತು. ಅದಿರು ಹೊಸಪೇಟೆಗೆ ಬಂದು, ಗದಗ, ಹುಬ್ಬಳ್ಳಿ, ಲೋಂಡಾ ದಾಟಿ, ಘಟ್ಟ ಇಳಿದು ಪೋರ್ಚುಗೀಸರ ಮಾರ್ಮಗೋವಾ ಬಂದರಿನಲ್ಲಿ ಹಡಗು ಹತ್ತುತ್ತಿತ್ತು. ಬ್ರಿಟಿಷ್ ಭಾರತದಿಂದ ಸುತ್ತುವರಿದ ಮರಾಠ ಘೋರ್ಪಡೆಗಳ ಕನ್ನಡ ಸಂಸ್ಥಾನ ಸಂಡೂರು, ಬೆಲ್ಜಿಯನ್ ಕಂಪನಿ, ಪೋರ್ಚುಗೀಸ್ ಬಂದರು. ಒಂದು ಹಿಡಿ ಕಪ್ಪು ಮಣ್ಣಿಗೆ ಎಷ್ಟು ಧ್ವಜಗಳ ನೆರಳು!

ಅದೇ ರಾಮನದುರ್ಗದ ಮೇಲೆ ಬಳ್ಳಾರಿಯ ಗೋರಾ ಸೈನಿಕರು ತಂಪು ಹುಡುಕಿಕೊಂಡು ಹೋಗುತ್ತಿದ್ದ ಆರೋಗ್ಯಧಾಮವೂ ಇತ್ತು. ಮೇಲೆ ಗಾಳಿಗೆ ಬಂದವರು, ಕೆಳಗೆ ಕಲ್ಲಿಗೆ ಬಂದವರು.

*

ಸುಮ್ಮನೆ ಒಂದು ಲೆಕ್ಕ. 1901ರ ಗಣತಿಯಲ್ಲಿ ಸಂಡೂರು ಸಂಸ್ಥಾನದ ಜನ 11,200. ತಲೆಗೆ 50 ಕಿಲೋ ಹಿಡಿದರೆ ಒಟ್ಟು 560 ಟನ್. ಇಂದಿನ ಅದಿರು ವ್ಯಾಗನ್ ಒಂದಕ್ಕೆ ಸುಮಾರು 60 ಟನ್ ಹಿಡಿಯುತ್ತದೆ. ರಾಜ, ದಿವಾನ, ಪೂಜಾರಿ, ಹಟ್ಟಿಯ ಕೂಸು ಎಲ್ಲರನ್ನೂ ತೂಗಿ ಹಾಕಿದರೆ ಒಂಬತ್ತು-ಹತ್ತು ವ್ಯಾಗನ್ ಆದೀತು. ಒಂದು ರೇಕಿಗೆ, ಅಂದರೆ ಪೂರ್ತಿ ಗಾಡಿಗೆ, 58 ವ್ಯಾಗನ್. ಹಿಂದಿನ 48 ಖಾಲಿ.

ರೈಲ್ವೆಗೆ ಜನರಿಗಿಂತ ಬೆಟ್ಟ ಯಾಕೆ ಹೆಚ್ಚು ಪ್ರೀತಿ ಎಂಬುದಕ್ಕೆ ಇಷ್ಟು ಗಣಿತ ಸಾಕು.

*

ಯಶವಂತನಗರ ಇರುವುದು ಸಂಡೂರಿನಿಂದ ಕೂಡ್ಲಿಗಿಗೆ ಹೋಗುವ ದಾರಿಯಲ್ಲಿ. ಸಂಡೂರು ಪೇಟೆಯ ಹೊಸ್ತಿಲಿಗೆ ಈ ಹಳಿ ಬರಲೇ ಇಲ್ಲ. ಊರು ಬೆಟ್ಟಸಾಲುಗಳ ನಡುವಿನ ಕಣಿವೆಯಲ್ಲಿದೆ, ನಾರಿಹಳ್ಳ ಬಂಡೆ ಸೀಳಿಕೊಂಡು ಹರಿಯುವ ಗಂಡಿಗಳೇ ಅದರ ಬಾಗಿಲು. ಬೆಟ್ಟದ ಹೊರಮೈ ಹಿಡಿದು ಹೋದರೆ ಅದಿರು ಸಿಗುತ್ತದೆ, ಒಳಗೆ ಹೋದರೆ ಊರು ಸಿಗುತ್ತದೆ. ಹಳಿ ಹೊರಮೈ ಹಿಡಿಯಿತು.

ಆಮೇಲೂ ಹಾಗೇ. 1977ರಲ್ಲಿ ದೋಣಿಮಲೈ ಗಣಿ ಶುರುವಾದಾಗ ತೋರಣಗಲ್ಲಿನಿಂದ ರಣಜಿತ್‌ಪುರಕ್ಕೆ ಇನ್ನೊಂದು ಕವಲು. ಅದೂ ಅದಿರಿಗೇ. ಸಂಡೂರು ತಾಲ್ಲೂಕಿಗೆ ಎರಡು ಕಡೆಯಿಂದ ಹಳಿ ಬಂದಿದೆ, ಸಂಡೂರಿನವರು ಬೆಂಗಳೂರಿಗೆ ಹೋಗಲು ಬಸ್ಸು ಹತ್ತುತ್ತಾರೆ.

*

ಸ್ಟೇಷನ್ನಿನ ಹಲಗೆ ಕದಲದೆ ನಿಂತಿದ್ದರೂ ಅದರ ಒಡೆಯರು ಬದಲಾಗುತ್ತಲೇ ಹೋದರು. ಸದರನ್ ಮರಾಠಾ 1908ರಲ್ಲಿ ಮದರಾಸು ರೈಲ್ವೆಯ ಜತೆ ಸೇರಿ ಎಂ ಅಂಡ್ ಎಸ್ ಎಂ ಆಯಿತು. 1951ರಲ್ಲಿ ದಕ್ಷಿಣ ರೈಲ್ವೆ. ಆಮೇಲೆ ಸಿಕಂದರಾಬಾದಿನ ದಕ್ಷಿಣ ಮಧ್ಯ ರೈಲ್ವೆ. 2003ರಿಂದ ಹುಬ್ಬಳ್ಳಿಯ ನೈಋತ್ಯ ರೈಲ್ವೆ. ನೆಲದ ಒಡೆತನವೂ ಅಷ್ಟೇ: ಸಂಡೂರು ಸಂಸ್ಥಾನ 1949ರಲ್ಲಿ ಮದರಾಸು ಪ್ರಾಂತಕ್ಕೆ, ಬಳ್ಳಾರಿ 1953ರಲ್ಲಿ ಮೈಸೂರು ರಾಜ್ಯಕ್ಕೆ. 2021ರಲ್ಲಿ ಹೊಸಪೇಟೆ ವಿಜಯನಗರ ಜಿಲ್ಲೆಗೆ ಹೋಯಿತು, ಸಂಡೂರು, ಕಂಪ್ಲಿ ಬಳ್ಳಾರಿಯಲ್ಲೇ ಉಳಿದವು. ಈಗ ಅದಿರಿನ ಗಾಡಿ ಹೊಸಪೇಟೆ ಮುಟ್ಟುವಷ್ಟರಲ್ಲಿ ಜಿಲ್ಲೆಯ ಗಡಿ ದಾಟುತ್ತದೆ. ಗಾರ್ಡಿಗೆ ಗೊತ್ತಾಗುವುದಿಲ್ಲ, ತಹಶೀಲ್ದಾರರಿಗೆ ಗೊತ್ತಾಗುತ್ತದೆ.

*

ಅಣೆಕಟ್ಟು. ತುಂಗಭದ್ರೆಗೆ 1945ರ ಫೆಬ್ರವರಿ 28ರಂದು ಶಂಕುಸ್ಥಾಪನೆ. ಒಂದು ದಡದಲ್ಲಿ ನಿಜಾಮರ ಕಡೆಯವರು, ಇನ್ನೊಂದು ದಡದಲ್ಲಿ ಮದರಾಸಿನ ಗವರ್ನರ್. 1953ರಲ್ಲಿ ನೀರು ನಿಂತಿತು. ಸುಮಾರು 378 ಚದರ ಕಿಲೋಮೀಟರು ನೆಲ ಒಳಗೆ ಹೋಯಿತು. ನಾರಾಯಣದೇವರಕೆರೆ ಎಂಬ ಸಮೃದ್ಧ ಊರು ಮುಳುಗಿತು, ಅಲ್ಲಿನವರು ಮರಿಯಮ್ಮನಹಳ್ಳಿಗೆ ಬಂದು ನೆಲೆಸಿದರು. ಮರಿಯಮ್ಮನಹಳ್ಳಿ ನಾಟಕದವರ ಊರೆಂದು ಹೆಸರಾಯಿತು. 2021ರಲ್ಲಿ ಪದ್ಮಶ್ರೀ ಪಡೆದ ಜೋಗತಿ ಮಂಜಮ್ಮ ನೆಲೆಸಿದ್ದು ಇಲ್ಲೇ.

ಪಾಳು ಸ್ಟೇಷನ್ ಎಂದಾಗ ಕಣ್ಣಿಗೆ ಬರುವುದು ಊರಿದ್ದು ಗಾಡಿಯಿಲ್ಲದ ಜಾಗ. ಊರೇ ಎದ್ದುಹೋಗಿ ನೀರಿನ ಅಂಚಿನಲ್ಲಿ ಗಾಡಿ ಓಡುವ ಕೊಟ್ಟೂರು ಕವಲಿನ ಈ ದಾರಿಯನ್ನು ಯಾವ ಪಟ್ಟಿಗೆ ಸೇರಿಸಲಿ?

*

ಜನ ರೈಲನ್ನು ಬಿಟ್ಟರೋ, ರೈಲು ಜನರನ್ನು ಬಿಟ್ಟಿತೋ? ಇದರಲ್ಲಿ ರೈಲ್ವೆಯನ್ನಷ್ಟೇ ಬೈದರೆ ನ್ಯಾಯವಾಗದು. ಕವಲು ಹಳಿಯ ಮಿಕ್ಸೆಡ್ ಗಾಡಿಯೆಂದರೆ ಎರಡು ಬೋಗಿ ಜನ, ಉಳಿದದ್ದು ಗೂಡ್ಸ್. ಪ್ರತಿ ಸ್ಟೇಷನ್ನಿನಲ್ಲೂ ವ್ಯಾಗನ್ ಬಿಚ್ಚುವುದು, ಸೇರಿಸುವುದು, ಮುಂದೆ ಹೋಗಲು ಅನುಮತಿಯಾದ ಟೋಕನ್ನಿನ ಬಳೆ ಬರುವವರೆಗೆ ಕಾಯುವುದು. ಅಷ್ಟರಲ್ಲಿ ಊರ ಬಾಗಿಲಿಗೇ ಬಸ್ಸು ಬರತೊಡಗಿತು. ಸ್ಟೇಷನ್ ಇರುವುದು ಊರಿಂದ ಮೈಲಿ ದೂರ, ಬಸ್ಸು ನಿಲ್ಲುವುದು ಅಗಸೆಯ ಮುಂದೆ. ತಲೆಯ ಮೇಲೆ ಗಂಟು ಹೊತ್ತ ಹೆಂಗಸು ಯಾವುದನ್ನು ಹತ್ತುತ್ತಾಳೆ? ಆ ದಪ್ಪ ರಟ್ಟಿನ ಟಿಕೆಟ್, ಅದರ ಮೇಲೆ ಟಕ್ಕೆಂದು ತಾರೀಖು ಒತ್ತುವ ಯಂತ್ರ, ಇವೆಲ್ಲ ನಮ್ಮಂಥವರಿಗೆ ನೆನಪಿನ ಸಾಮಾನು. ಸಂತೆಗೆ ಹೋಗುವವರಿಗೆ ಬೇಕಾದದ್ದು ಹೊತ್ತಿಗೆ ತಲುಪುವುದು.

ಬ್ರಿಟನ್ನಿನಲ್ಲಿ 1963ರಲ್ಲಿ ಬೀಚಿಂಗ್ ಎಂಬ ಅಧಿಕಾರಿ 2,363 ಸ್ಟೇಷನ್ ಮುಚ್ಚಬೇಕೆಂದು ವರದಿ ಬರೆದ. ಅವನನ್ನು ಅಲ್ಲಿನವರು ಇನ್ನೂ ಶಪಿಸುತ್ತಾರೆ. ಆದರೆ ಅಲ್ಲಿ ಮುಚ್ಚಿದ ಕಡೆ ಹಳಿಯನ್ನೂ ಕಿತ್ತರು, ಎಷ್ಟೋ ದಾರಿಗಳು ಈಗ ಸೈಕಲ್ಲಿಗೆ, ನಡಿಗೆಗೆ. ಸತ್ತದ್ದು ಸತ್ತಿತು. ಇಲ್ಲಿ ಹಾಗೆ ಶಪಿಸಲು ಒಂದು ಹೆಸರೂ ಸಿಗುವುದಿಲ್ಲ, ಒಂದು ತಾರೀಖೂ ಇಲ್ಲ. ಹಳಿಯನ್ನು ಕೀಳುವ ಬದಲು ಅಗಲ ಮಾಡಿದ್ದಾರೆ, ಗಟ್ಟಿ ಮಾಡಿದ್ದಾರೆ.

*

ಹಂಪಿಗೆ ಸ್ಟೇಷನ್ ಇಲ್ಲ, ಎಂದೂ ಇರಲಿಲ್ಲ. ಮೊದಲು ಆಶ್ಚರ್ಯವಾಗುತ್ತದೆ. ಹಳಿ ಬಂದ 1884ರಲ್ಲಿ ಹಂಪಿ ಯಾರಿಗೆ ಬೇಕಿತ್ತು? ಗ್ರೀನ್‌ಲಾ ಎಂಬ ಸೈನ್ಯಾಧಿಕಾರಿ 1856ರಲ್ಲೇ ಅಲ್ಲಿನ ಗುಡಿಗಳ ಛಾಯಾಚಿತ್ರ ತೆಗೆದಿದ್ದ. ಅವು ಬೆಳಕು ಕಂಡದ್ದು ನೂರು ವರ್ಷ ಕಳೆದ ಮೇಲೆ. ಸಿವೆಲ್ಲನ ವಿಜಯನಗರ ಚರಿತ್ರೆ 1900ರಲ್ಲಿ ಬಂತು, ಲಾಂಗ್‌ಹರ್ಸ್ಟನ ಕೈಪಿಡಿ 1917ರಲ್ಲಿ. ಅಷ್ಟರಲ್ಲಿ ಹಳಿ ದಕ್ಷಿಣದಿಂದ ಹಾದು ಹೋಗಿಯಾಗಿತ್ತು. ಬಂಡೆಗುಡ್ಡಗಳ ನಡುವೆ ಹಳಿ ತರುವ ಖರ್ಚಿಗೆ ಬರದ ಲೆಕ್ಕದಲ್ಲಿ ಸಮರ್ಥನೆಯೂ ಸಿಗುತ್ತಿರಲಿಲ್ಲ. ನನ್ನ ಮಟ್ಟಿಗೆ ಅದು ಹಂಪಿಯ ಪುಣ್ಯ. ವಿಟ್ಠಲ ಗುಡಿಯ ಹಿಂದೆ ಗೂಡ್ಸ್ ಶೆಡ್ಡು ಕಲ್ಪಿಸಿಕೊಳ್ಳಿ.

ಈಗ ತಿರುಗಿಸಿ ಮಾಡಿದ್ದಾರೆ. ಹಂಪಿಗೆ ರೈಲು ತರುವ ಬದಲು ಹೊಸಪೇಟೆ ನಿಲ್ದಾಣದ ಮುಂಭಾಗಕ್ಕೇ ಹಂಪಿಯ ವೇಷ ಹಾಕಿದ್ದಾರೆ, ಕಂಬ, ಗೋಪುರ ಎಲ್ಲ ವಿಜಯನಗರದ ಮಾದರಿಯಲ್ಲಿ. ಹಂಪಿ ಎಕ್ಸ್‌ಪ್ರೆಸ್ಸಿನಿಂದ ಬೆಳಗ್ಗೆ ಇಳಿದ ಪ್ರವಾಸಿ ಅಲ್ಲೇ ಮೊದಲ ಫೋಟೋ ತೆಗೆದುಕೊಳ್ಳುತ್ತಾನೆ. ತಪ್ಪೇನಿಲ್ಲ. ಆದರೆ ಅದೇ ನಿಲ್ದಾಣ ಹಾದು ಹೋಗುವ ಅದಿರಿನ ರೇಕಿಗೂ ಒಂದು ಶಿಲ್ಪ ಬೇಕಿತ್ತೆನಿಸುತ್ತದೆ. ಈ ಊರಿನ ರೈಲಿನ ಅನ್ನ ಬೇಯಿಸಿದ್ದು ವಿರೂಪಾಕ್ಷನಿಗಿಂತ ಹೆಚ್ಚಾಗಿ ಅದು.

*

ಕಂಪ್ಲಿಗೆ ಪಾಳು ಸ್ಟೇಷನ್ನೂ ಇಲ್ಲ. ಗಂಡುಗಲಿ ಕುಮಾರರಾಮನ ಅಪ್ಪ ಕಂಪಿಲರಾಯನ ರಾಜಧಾನಿ, ಭತ್ತ, ಬಾಳೆ, ಕಬ್ಬು ಬೆಳೆಯುವ ನದೀತೀರ. ಗೂಡ್ಸಿಗೆ ಏನು ಕಡಿಮೆಯಿತ್ತು? ಹಳಿ ಮಾತ್ರ ಹೊಸಪೇಟೆ, ಗಾದಿಗನೂರು, ದರೋಜಿ, ತೋರಣಗಲ್ಲು ಎಂದು ದಕ್ಷಿಣದಿಂದ ಹಾದುಹೋಯಿತು. ಬುರ್ರಕಥೆಯ ಈರಮ್ಮನ ದರೋಜಿಗೆ ಸ್ಟೇಷನ್ ಸಿಕ್ಕಿತು, ಕಂಪ್ಲಿಗೆ ಸಿಗಲಿಲ್ಲ.

2019ರಲ್ಲಿ ಹೊಳೆಯಾಚೆಯ ಗಂಗಾವತಿಗೆ ರೈಲು ಬಂತು. ಮುನಿರಾಬಾದ್–ಮಹಬೂಬನಗರ ಯೋಜನೆ ಮಂಜೂರಾಗಿ ಎರಡು ದಶಕ ಕಳೆದ ಮೇಲೆ. ಕಂಪ್ಲಿಯವರು ಸೇತುವೆ ದಾಟಿ ಹೋಗಿ ಹತ್ತಬಹುದು, ಸೇತುವೆ ಕಾಣಿಸಿದರೆ. ಡ್ಯಾಮಿನಿಂದ ಲಕ್ಷ ಕ್ಯುಸೆಕ್ ಮೀರಿ ನೀರು ಬಿಟ್ಟಾಗಲೆಲ್ಲ ಕಂಪ್ಲಿಯ ಸೇತುವೆ ಮುಳುಗುತ್ತದೆ. ಆಗ ಬುಕ್ಕಸಾಗರ–ಕಡೆಬಾಗಿಲು ಸೇತುವೆಯ ಸುತ್ತು. ಅಣೆಕಟ್ಟಿನ ಮೇಲಿನವರ ಊರು ಶಾಶ್ವತವಾಗಿ ಮುಳುಗಿತು, ಕೆಳಗಿನವರ ದಾರಿ ಆಗಾಗ.

*

ಈ ಶತಮಾನದ ಮೊದಲ ದಶಕದಲ್ಲಿ ಚೀನಾ ಅದಿರು ಕೇಳಿತು. ಸಂಡೂರು, ಹೊಸಪೇಟೆ ರಸ್ತೆಗಳಲ್ಲಿ ಲಾರಿಗಳ ಸಾಲು, ಮರದ ಎಲೆಯಿಂದ ಹಿಡಿದು ಅಂಗಡಿಯ ಬನ್ನಿನವರೆಗೆ ಕೆಂಪು ದೂಳು. ಕವಲು ಹಳಿಯ ಸೈಡಿಂಗುಗಳಿಗೆ ರಾತ್ರಿಯೆಂಬುದೇ ಇರಲಿಲ್ಲ. 2011ರ ಜುಲೈಯಲ್ಲಿ ಲೋಕಾಯುಕ್ತ ಸಂತೋಷ್ ಹೆಗ್ಡೆಯವರ ವರದಿ ಬಂತು, ಅದೇ ತಿಂಗಳು ಸುಪ್ರೀಂ ಕೋರ್ಟು ಬಳ್ಳಾರಿಯಲ್ಲಿ ಗಣಿಗಾರಿಕೆ ನಿಲ್ಲಿಸಿತು. ಆಮೇಲೆ ಮಿತಿ ಹಾಕಿ ಮತ್ತೆ ಬಿಟ್ಟರು.

ಅಂದರೆ ಜನರ ಗಾಡಿ ಹೋದಮೇಲೂ ಸ್ಟೇಷನ್ ಸಾಯಲಿಲ್ಲ. ಅದಿರು ನಿಂತರೆ ಮಾತ್ರ ಸಾಯುತ್ತದೆ ಎಂದು 2011 ಒಮ್ಮೆ ತೋರಿಸಿತು.

*

ಕೊಟ್ಟೂರಿನ ಕಥೆ ಬೇರೆ ತಿರುವು ಪಡೆಯಿತು. ಅಲ್ಲೂ ದಶಕಗಟ್ಟಲೆ ಜನರ ಗಾಡಿ ಇರಲಿಲ್ಲ. ಕೊಟ್ಟೂರೇಶ್ವರನ ತೇರಿಗೆ ಲಕ್ಷ ಜನ ಸೇರಿದರೂ ಎಲ್ಲ ರಸ್ತೆಯ ಮೇಲೇ. ಆಮೇಲೆ ಕೊಟ್ಟೂರಿನಿಂದ ಹರಿಹರಕ್ಕೆ ಹೊಸ ಹಳಿ ಹಾಕಿದರು. 2019ರಲ್ಲಿ ಹೊಸಪೇಟೆ–ಹರಿಹರ ಪ್ಯಾಸೆಂಜರ್ ಓಡಿತು.

ಯಶವಂತನಗರಕ್ಕೆ ಯಾಕಿಲ್ಲ ಎಂಬುದಕ್ಕೆ ಇಲ್ಲಿ ಉತ್ತರ ಇರಬಹುದು. ಕೊಟ್ಟೂರು ತುದಿಯಾಗಿದ್ದದ್ದು ನಡುವಿನ ಊರಾಯಿತು. ಸ್ವಾಮಿಹಳ್ಳಿ ಇನ್ನೂ ತುದಿ. ಪ್ರಯಾಣಿಕನಿಗೆ ದಾರಿಯ ಎರಡೂ ಕಡೆ ಊರು ಬೇಕು, ಹೋದಮೇಲೆ ಸಂಜೆಗೆ ವಾಪಸೂ ಬರಬೇಕು. ಅದಿರಿಗೆ ಹೊರಡುವ ಜಾಗವೊಂದಿದ್ದರೆ ಸಾಕು, ಅದು ಮರಳಿ ಮನೆಗೆ ಬರುವುದಿಲ್ಲ. ತುದಿಮುಚ್ಚಿದ ಹಳಿ ಗಣಿಗೆ ಸರಿಹೊಂದುತ್ತದೆ, ಸಂತೆಗೆ ಹೊಂದುವುದಿಲ್ಲ.

ಆದರೂ ಈ ತರ್ಕ ಪೂರ್ತಿ ನಂಬಲು ಕಷ್ಟ. ಹಾಗಿದ್ದರೆ ಮೀಟರ್ ಗೇಜಿನ ಕಾಲದಲ್ಲಿ ಕೊಟ್ಟೂರಿನ ತುದಿಗೆ ಜನರ ಗಾಡಿ ಹೇಗೆ ಓಡಿತು? ಅಂದು ಲೆಕ್ಕ ಹಾಕಿದವನ ಮೇಜಿನ ಮೇಲೆ ಬರದ ವರದಿ ಇತ್ತು. ಇಂದಿನವನ ಮೇಜಿನ ಮೇಲೆ ಟನ್ನುಗಳ ಪಟ್ಟಿ ಇದೆ. ಆ ಪಟ್ಟಿಯ ಪ್ರಕಾರ ಯಶವಂತನಗರ ನಷ್ಟದ ಸ್ಟೇಷನ್ ಅಲ್ಲ. ಒಬ್ಬ ಪ್ರಯಾಣಿಕನೂ ಹತ್ತದೆ ಸಂಪಾದನೆ ಮಾಡುವ ಸ್ಟೇಷನ್. ಅದನ್ನು ಮತ್ತೆ ತೆರೆಯಿರಿ ಎಂದು ಅರ್ಜಿ ಬರೆಯಲು ಕೂತರೆ ಮೊದಲ ವಾಕ್ಯದಲ್ಲೇ ತೊಡಕು, ಅದನ್ನು ಯಾರೂ ಮುಚ್ಚಿಯೇ ಇಲ್ಲವಲ್ಲ.